ಖರ್ಜೂರದೊಳಗೆ ನಮ್ಮ ಕಡಲೆಬೀಜ, ಮೇಲೆ ಚಾಕಲೇಟು

ಹಬ್ಬಕ್ಕೆ ಕಡಲೆಬೀಜದ ಉಂಡೆ, ತಂಬಿಟ್ಟು ಮಾಡುವುದು ನಮ್ಮ ಹೊಳವನಹಳ್ಳಿ ಕಡೆ ಮನೆಮನೆಗೂ ಗೊತ್ತಿದ್ದದ್ದೇ. ಆದರೆ ಈಗಿನ ಮಕ್ಕಳು ಕೇಳುವುದು ಅಂಗಡಿ ಚಾಕಲೇಟು. ‘ಬೇಡ’ ಅಂತ ಗದರಿ ಎಷ್ಟು ದಿನ ತಡೆಯೋಕಾಗುತ್ತೆ? ಅದಕ್ಕೆ ನಮ್ಮ ಮನೆಯಲ್ಲಿ ಒಂದು ಉಪಾಯ ಮಾಡಿಕೊಂಡಿದ್ದೇವೆ. ಖರ್ಜೂರದ ಬೀಜ ತೆಗೆದು, ಆ ಜಾಗಕ್ಕೆ ಹೊಲದ ಕಡಲೆಬೀಜ ಕುಟ್ಟಿ ತುಂಬಿ, ಮೇಲೆ ತೆಳ್ಳಗೆ ಚಾಕಲೇಟು ಹೊದಿಸುವುದು. ಪಾಕ ಹಿಡಿಯುವ ಕೆಲಸವಿಲ್ಲ, ಕರಿಯುವುದಿಲ್ಲ, ಬೇಯಿಸುವುದಿಲ್ಲ. ಬೀಜ ಹುರಿಯಲು, ಚಾಕಲೇಟು ಕರಗಿಸಲು ಮಾತ್ರ ಒಲೆ ಬೇಕು.

ಮನೆಗೆ ಯಾವ ಬೀಜ?

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಕಡಲೆಕಾಯಿ ಹಳೆಯ ಬೆಳೆ. ಬೆಳೆಯುವ ನಮ್ಮಲ್ಲೇ ಒಂದು ರೂಢಿ ಇದೆ. ದಪ್ಪ ಬೀಜದ ಕಾಯಿ ಮಂಡಿಗೆ ಹೋಗುತ್ತದೆ. ಸುಕ್ಕು, ಮುರುಕು, ಬಣ್ಣ ಕೆಟ್ಟದ್ದು ಅಡುಗೆಮನೆಗೆ ಬರುತ್ತದೆ. ಕುಟ್ಟಿ ಪುಡಿ ಮಾಡುವುದಕ್ಕೆ ಯಾವುದಾದರೇನು ಅಂತ ಅನ್ನಿಸುವುದು ಸಹಜ. ಆದರೆ ಇಲ್ಲಿ ಎಚ್ಚರ ಬೇಕು.

ಕೊನೆಯ ಹಂತದಲ್ಲಿ ಮಳೆ ಕೈಕೊಟ್ಟು ಬಳ್ಳಿ ಬಾಡಿದರೆ, ಅಥವಾ ಕಿತ್ತ ಕಾಯಿ ಸರಿಯಾಗಿ ಒಣಗದಿದ್ದರೆ, ಬೀಜಕ್ಕೆ ಹಳದಿ-ಹಸಿರು ಬಣ್ಣದ ಒಂದು ಬೂಷ್ಟು ತಗಲುತ್ತದೆ. ಅದು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು. ಇದು ಯಕೃತ್ತಿಗೆ ಕೆಡುಕು. ಹುರಿದರೆ ಪೂರ್ತಿ ಹೋಗುವುದಿಲ್ಲ. ಸುಕ್ಕುಗಟ್ಟಿದ, ಹುಳು ತಿಂದ, ಬಣ್ಣಗೆಟ್ಟ ಬೀಜಗಳಲ್ಲೇ ಇದು ಹೆಚ್ಚು. ಅಂದರೆ ನಾವು ಮನೆಗೆ ಅಂತ ಉಳಿಸಿಕೊಳ್ಳುವ ಬೀಜದಲ್ಲೇ!

ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಬೇಕು. ಸುಲಿಯಲು ಸಲೀಸಾಗಲಿ ಎಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಬಿಡಬೇಕು. ಮೊರದಲ್ಲಿ ಬೀಜ ಹರಡಿ, ಸಂಶಯ ಬಂದದ್ದನ್ನೆಲ್ಲ ಆರಿಸಿ ಎಸೆಯಬೇಕು. ಅದನ್ನು ಕೋಳಿ, ದನಕ್ಕೂ ಹಾಕಬಾರದು.

ಬೇಕಾಗುವ ಸಾಮಾನು

ಮೆತ್ತನೆಯ ಖರ್ಜೂರ 30 (ಸುಮಾರು ಕಾಲು ಕಿಲೋ), ಕಡಲೆಬೀಜ 100 ಗ್ರಾಂ, ಎಳ್ಳು ಒಂದು ಚಮಚ, ಏಲಕ್ಕಿ ಎರಡು, ಚಿಟಿಕೆ ಉಪ್ಪು, ಕಪ್ಪು ಚಾಕಲೇಟು 150 ಗ್ರಾಂ. ಸಕ್ಕರೆ, ಬೆಲ್ಲ ಬೇಡ.

ಗಟ್ಟಿಯಾದ ಉತ್ತುತ್ತೆ ಇದಕ್ಕೆ ಒಗ್ಗುವುದಿಲ್ಲ. ನಮ್ಮ ಹಳ್ಳದ ದಂಡೆಯ ಈಚಲು ಖರ್ಜೂರದ ದಾಯಾದಿಯೇ. ಆದರೆ ಈಚಲ ಹಣ್ಣಿನಲ್ಲಿ ಬೀಜವೇ ಜಾಸ್ತಿ, ತಿರುಳು ತೆಳು. ತುಂಬಲು ಜಾಗವೇ ಸಿಗದು. ಹಾಗಾಗಿ ಖರ್ಜೂರವನ್ನು ಕೊಂಡೇ ತರಬೇಕು.

ಚಾಕಲೇಟು ಕೊಳ್ಳುವಾಗ ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದಿ. ಕೋಕೋ ಬೆಣ್ಣೆ ಅಂತ ಇದ್ದರೆ ಅಸಲಿ ಚಾಕಲೇಟು. ಅದರ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ‘ಕಾಂಪೌಂಡ್’. ಅಗ್ಗ, ಬಿಸಿಲಿಗೆ ಬೇಗ ಕರಗುವುದೂ ಇಲ್ಲ. ಆದರೆ ಆರೋಗ್ಯದ ಲೆಕ್ಕದಲ್ಲಿ ಅಸಲಿಯೇ ಮೇಲು.

ಕೋಕೋ ನಮ್ಮ ರಾಜ್ಯದ ಬೆಳೆಯೂ ಹೌದು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ಉಪಬೆಳೆ. 1980ರ ಸುಮಾರಿಗೆ ಕೋಕೋ ಬೆಲೆ ಬಿದ್ದು ಬೆಳೆಗಾರರು ಕಂಗೆಟ್ಟಾಗ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಬೆಳೆಯನ್ನು ಮೌಲ್ಯವರ್ಧನೆ ಮಾಡಿದ್ದಕ್ಕೆ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಮಾಡುವ ಬಗೆ

ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಆರಿದ ಮೇಲೆ ಉಜ್ಜಿ, ಸಿಪ್ಪೆ ಕೇರಿ. ಹುರಿದ ಎಳ್ಳು, ಏಲಕ್ಕಿ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬೀಜ ಎಣ್ಣೆ ಬಿಟ್ಟು, ಹಿಡಿದರೆ ಮುದ್ದೆಯಾಗುವ ಹದ ಬರಬೇಕು. ಹರಳು ಹರಳಾಗಿ ಉಳಿದರೆ ಎರಡು ಖರ್ಜೂರ ಕಿವುಚಿ ಸೇರಿಸಿ. ನೀರು ಮಾತ್ರ ಹಾಕಬೇಡಿ, ಬೇಗ ಕೆಡುತ್ತದೆ.

ಖರ್ಜೂರವನ್ನು ಒಂದು ಬದಿ ಉದ್ದಕ್ಕೆ ಸೀಳಿ ಬೀಜ ತೆಗೆಯಿರಿ. ಒಳಗೆ ಹುಳು, ಬೂಷ್ಟು ಇದೆಯೇ ಅಂತ ಪ್ರತಿಯೊಂದನ್ನೂ ಬಿಡಿಸಿ ನೋಡಿ. ಅರ್ಧ ಚಮಚದಷ್ಟು ಹೂರಣ ತುಂಬಿ ಬಾಯಿ ಒತ್ತಿ.

ಚಾಕಲೇಟನ್ನು ನೇರ ಬೆಂಕಿಗೆ ಇಡಬಾರದು, ಸೀಯುತ್ತದೆ. ಪಾತ್ರೆಯಲ್ಲಿ ಸ್ವಲ್ಪ ನೀರು ಕಾಯಿಸಿ, ಅದರ ಬಾಯಿಗೆ ಒಂದು ಒಣ ಬಟ್ಟಲು ಕೂರಿಸಿ. ಬಟ್ಟಲಿನ ತಳಕ್ಕೆ ನೀರು ಮುಟ್ಟದಿರಲಿ. ಚಾಕಲೇಟು ಚೂರುಗಳನ್ನು ಅದರಲ್ಲಿ ಹಾಕಿ ಕೈಯಾಡಿಸಿ. ಮುಕ್ಕಾಲು ಕರಗಿದಾಗ ಇಳಿಸಿದರೆ ಉಳಿದದ್ದು ಅದೇ ಶಾಖಕ್ಕೆ ಕರಗುತ್ತದೆ. ಒಂದು ಹನಿ ನೀರು, ಆವಿ ಬಿದ್ದರೂ ಚಾಕಲೇಟು ಗಂಟುಗಟ್ಟಿ ಮರಳಿನಂತಾಗುತ್ತದೆ. ತುಂಬಿದ ಖರ್ಜೂರವನ್ನು ಮುಳ್ಳು ಚಮಚದಿಂದ ಅದ್ದಿ ತೆಗೆದು, ಎಣ್ಣೆ ಸವರಿದ ತಟ್ಟೆಯಲ್ಲಿಡಿ. ಮೇಲೆ ಕಡಲೆಬೀಜದ ತರಿ ಉದುರಿಸಿ.

ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಹೊರಗಿಟ್ಟರೆ ನಿಲ್ಲದು, ಫ್ರಿಜ್ ಬೇಕು. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಹೊರಗೇ ಗಟ್ಟಿಯಾಗುತ್ತದೆ. ಕೆಲವು ದಿನ ಬಿಟ್ಟು ಮೇಲೆ ಬಿಳಿ ಛಾಯೆ ಕಂಡರೆ ಹೆಚ್ಚಾಗಿ ಅದು ಬೂಷ್ಟಲ್ಲ, ಮೇಲೆದ್ದ ಕೋಕೋ ಕೊಬ್ಬು. ನೂಲಿನಂತೆ ಎದ್ದಿದ್ದರೆ ಅಥವಾ ಕಮಟು ವಾಸನೆ ಬಂದರೆ ಎಸೆಯಿರಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು.

ಆರೋಗ್ಯ ಎಷ್ಟು, ಸಿಹಿ ಎಷ್ಟು?

‘ಸಕ್ಕರೆ ಹಾಕಿಲ್ಲ, ಎಷ್ಟಾದರೂ ತಿನ್ನಿ’ ಎನ್ನುವ ಹಾಗಿಲ್ಲ. ನೂರು ಗ್ರಾಂ ಖರ್ಜೂರದಲ್ಲಿ ಸುಮಾರು 65 ಗ್ರಾಂ ಸಕ್ಕರೆಯೇ. ಕಪ್ಪು ಚಾಕಲೇಟಿನಲ್ಲೂ ಸಕ್ಕರೆ ಇದೆ. ಒಂದು ತುಂಡು ತಿಂದರೆ ಆರೇಳು ಗ್ರಾಂ, ಅಂದರೆ ಹೆಚ್ಚೂಕಡಿಮೆ ಒಂದೂವರೆ ಟೀ ಚಮಚ ಸಕ್ಕರೆ ತಿಂದಂತೆ. ಹಾಗಾದರೆ ಲಾಭವೇನು? ಖರ್ಜೂರದಲ್ಲಿ ನಾರಿದೆ. ಕಡಲೆಬೀಜದ ತೂಕದಲ್ಲಿ ಕಾಲು ಭಾಗ ಪ್ರೋಟೀನು. ಇವೆರಡೂ ಸೇರಿದರೆ ಒಂದೆರಡಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ. ಬರೀ ಸಕ್ಕರೆ ಪೆಪ್ಪರಮಿಂಟಿನಲ್ಲಿ ಈ ಎರಡೂ ಇಲ್ಲ.

ಸಕ್ಕರೆ ಕಾಯಿಲೆ ಇರುವವರು ಇದನ್ನೂ ಸಿಹಿ ಅಂತಲೇ ಲೆಕ್ಕ ಹಿಡಿಯಬೇಕು. ಚಿಕ್ಕ ಮಕ್ಕಳಿಗೆ ಮೇಲೆ ತರಿ ಹಾಕದೆ, ಹೂರಣ ನುಣ್ಣಗೆ ಮಾಡಿ, ಸಣ್ಣಗೆ ಹೆಚ್ಚಿ ಕೊಡಿ. ಬೀಜದ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಡಲೆಕಾಯಿ ಒಗ್ಗದವರು ಮುಟ್ಟಬಾರದು. ಸ್ತ್ರೀಶಕ್ತಿ ಸಂಘದವರು ಮಾಡಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಡಬ್ಬಿಯ ಮೇಲೆ ‘ಕಡಲೆಕಾಯಿ ಇದೆ’ ಎಂದು ಬರೆಯಲೇಬೇಕು.

ಈ ಸಲ ಮಂಡಿಗೆ ಮೂಟೆ ಕಟ್ಟುವ ಮೊದಲು ಚೆನ್ನಾಗಿ ಒಣಗಿದ, ದಪ್ಪ ಬೀಜದ ಕಾಯಿ ನಾಲ್ಕು ಸೇರು ಮನೆಗೆ ಅಂತ ಬೇರೆ ತೆಗೆದಿಡಿ. ಸಿಪ್ಪೆ ಸಮೇತ ಇಡಿ, ಬೇಕಾದಾಗ ಬೇಕಾದಷ್ಟೇ ಸುಲಿಯಿರಿ. ಮುಂದಿನದು ಒಂದು ಗಂಟೆಯ ಕೆಲಸ.