ಸೌರ ಫಲಕ: ಅಳವಡಿಸುವ ಮುನ್ನವೇ ಉತ್ಪಾದನೆಯ ಲೆಕ್ಕ

ನಿತ್ಯ ಹರಿಯುವ ನದಿಯಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕುಡಿಯುವ ನೀರಿಗೆ ಕೊಳವೆಬಾವಿಯೇ ಮುಖ್ಯ ಆಧಾರ. ಪಂಪು ಹಾಗೂ ಬೀದಿದೀಪಗಳ ವಿದ್ಯುತ್ ಬಿಲ್ಲಿನ ಹೊರೆ ಗ್ರಾಮ ಪಂಚಾಯಿತಿಗಳ ಮೇಲಿದೆ. ಈ ಹೊರೆ ತಗ್ಗಿಸಲು ಸೌರ ಫಲಕಗಳು ನೆರವಾಗುತ್ತವೆ. ಆದರೆ ಫಲಕಗಳ ಬಾಳಿಕೆ ಸುಮಾರು 25 ವರ್ಷ. ಸ್ಥಳದ ಆಯ್ಕೆಯಲ್ಲಾದ ತಪ್ಪಿನ ನಷ್ಟವೂ ಅಷ್ಟೇ ಕಾಲ ಮುಂದುವರಿಯುತ್ತದೆ.

ಆದ್ದರಿಂದ ಅಳವಡಿಕೆಗೆ ಮುನ್ನ ಕಂಪ್ಯೂಟರಿನಲ್ಲಿ ಅನುಕರಣ ಲೆಕ್ಕ ಮಾಡುವ ಪದ್ಧತಿಯಿದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ರೂಪಿಸಿದ ಪಿವಿವಾಟ್ಸ್ ಎಂಬ ಉಚಿತ ತಂತ್ರಾಂಶ ಇದಕ್ಕೊಂದು ಉದಾಹರಣೆ. ಸ್ಥಳ, ಫಲಕಗಳ ಸಾಮರ್ಥ್ಯ, ಇಳಿಜಾರು ಮತ್ತು ದಿಕ್ಕನ್ನು ನೀಡಿದರೆ ತಿಂಗಳವಾರು ಉತ್ಪಾದನೆಯ ಅಂದಾಜು ದೊರೆಯುತ್ತದೆ. ಸ್ಥೂಲವಾಗಿ 1 ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್, ಅಂದರೆ 5 ಕಿಲೋವ್ಯಾಟ್‌ಗೆ ಸುಮಾರು 20 ಯೂನಿಟ್ ನಿರೀಕ್ಷಿಸಬಹುದು.

ಕುಡುಮಲಕುಂಟೆ ಪರಿಸರವು ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಫಲಕಗಳನ್ನು ದಕ್ಷಿಣಾಭಿಮುಖವಾಗಿ, ಸರಿಸುಮಾರು ಅಷ್ಟೇ ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸುವುದು ವರ್ಷವಿಡೀ ಲಾಭಕರ.

ನೆರಳು ಮುಖ್ಯ ಶತ್ರು. ಫಲಕಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು. ಮಾಳಿಗೆಯ ಮೇಲಿನ 3 ಮೀಟರ್ ಎತ್ತರದ ನೀರಿನ ಟ್ಯಾಂಕಿನ ನೆರಳು ಡಿಸೆಂಬರ್ ಬೆಳಿಗ್ಗೆ 9 ಗಂಟೆಗೆ ವಾಯುವ್ಯಕ್ಕೆ ಸುಮಾರು 5 ಮೀಟರ್ ಚಾಚುತ್ತದೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಸ್ಥಳ ಪರಿಶೀಲಿಸಿದವರಿಗೆ ಇದು ಕಾಣದು.

ಬಿಸಿಲು ಹೆಚ್ಚಿದಷ್ಟೂ ಶಾಖವೂ ಹೆಚ್ಚುತ್ತದೆ. ಫಲಕದ ನಮೂದಿತ ಸಾಮರ್ಥ್ಯ 25 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದ್ದು. ನಂತರದ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಇಳಿಕೆಯಾಗುತ್ತದೆ. ಫಲಕ 60 ಡಿಗ್ರಿಗೆ ಕಾದರೆ ಶೇ. 12ರಷ್ಟು ನಷ್ಟ. ಹೀಗಾಗಿ ಫಲಕದಡಿ ಗಾಳಿಯಾಡಲು ಜಾಗ ಬಿಡುವುದು ಅಗತ್ಯ.

ಬಿಸಿಲು ಮತ್ತು ಶಾಖ ಬದಲಾದಂತೆ ಗರಿಷ್ಠ ವಿದ್ಯುತ್ ದೊರೆಯುವ ವೋಲ್ಟೇಜ್ ಕೂಡ ಬದಲಾಗುತ್ತದೆ. ಇನ್ವರ್ಟರಿನಲ್ಲಿರುವ ಎಂಪಿಪಿಟಿ ವ್ಯವಸ್ಥೆಯು ಆ ಬಿಂದುವನ್ನು ಸತತವಾಗಿ ಹುಡುಕಿ ಹಿಡಿಯುತ್ತದೆ. ಆದರೆ ನೆರಳು, ಧೂಳಿನಿಂದ ಕಳೆದುಹೋದ ಬಿಸಿಲನ್ನು ಅದು ಮರಳಿ ತಾರದು.

ಸದಸ್ಯರು ಗಮನಿಸಬೇಕಾದ ಅಂಶಗಳು:
1. ಕ್ರಿಯಾಯೋಜನೆಗೆ ಅನುಮೋದನೆ ನೀಡುವ ಮುನ್ನ ಗುತ್ತಿಗೆದಾರರಿಂದ ತಿಂಗಳವಾರು ಅಂದಾಜು ಮತ್ತು ನೆರಳಿನ ನಕ್ಷೆ ಪಡೆಯುವುದು.
2. ಫಲಕಗಳನ್ನು ಬೆಳಿಗ್ಗೆ ಅಥವಾ ಸಂಜೆ, ಅವು ತಣಿದಿರುವಾಗಲೇ ತೊಳೆಯಿಸುವುದು. ಗಡಸು ಕೊಳವೆಬಾವಿ ನೀರು ಬಿಳಿ ಕಲೆ ಉಳಿಸುವುದರಿಂದ ಒರೆಸಿ ಒಣಗಿಸುವುದು.
3. ಪ್ರತಿ ತಿಂಗಳ ಮೀಟರ್ ಓದನ್ನು ಅಂದಾಜಿನೊಂದಿಗೆ ಹೋಲಿಸಿ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು. ಉತ್ಪಾದನೆ ಸತತವಾಗಿ ಕುಸಿದಿದ್ದರೆ ಖಾತರಿ ಅವಧಿಯೊಳಗೇ ದುರಸ್ತಿಗೆ ಒತ್ತಾಯಿಸುವುದು.