ಗುರಿಕಾರಿಕೆಗೆ ತಕ್ಕ ಚಿಕ್ಕ ಪಿಸ್ತೂಲನ್ನು ಆರಿಸುವ ಬಗೆ



ಎನ್.ಸಿ.ಸಿ.ಯಲ್ಲಿ ಬಾಲಿಕೆಯರ ವಿಭಾಗವು ೧೯೪೯ರಲ್ಲಿ ಸ್ಥಾಪಿತವಾದಂದಿನಿಂದ ನಮ್ಮ ದೇಶದ ಎಷ್ಟೋ ಹೆಣ್ಣುಮಕ್ಕಳು ಪಾಯಿಂಟ್ ಟೂ ಟೂ ರೈಫಲಿನಿಂದ ಗುರಿಯಿಡುವದನ್ನು ಕಲಿತಿರುವರು. ಅವರಲ್ಲಿ ಕೆಲವರಿಗೆ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಆಸಕ್ತಿ ಹುಟ್ಟುವದುಂಟು. ಆಗ ತಾಯಿತಂದೆಗಳ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಇದು ಹೆಣ್ಣುಮಗುವಿಗೆ ತಕ್ಕ ವಿದ್ಯೆಯೇ? ತಕ್ಕದ್ದಾದರೆ ಯಾವ ಪಿಸ್ತೂಲನ್ನು ಕೊಡಿಸಬೇಕು? ಇವೆರಡನ್ನೂ ಕ್ರಮವಾಗಿ ವಿವರಿಸುವದೇ ಈ ಲೇಖನದ ಉದ್ದೇಶವು.

ಮೊದಲನೆಯದಕ್ಕೆ ಉತ್ತರವು ಸುಲಭ. ಸ್ತ್ರೀಯರ ಪಿಸ್ತೂಲು ಸ್ಪರ್ಧೆಯು ಒಲಿಂಪಿಕ್ ಕೂಟದಲ್ಲಿ ಮೊದಲು ಸೇರಿದ್ದು ೧೯೮೪ರಲ್ಲಿ, ಲಾಸ್ ಏಂಜಲೀಸ್ ಪಟ್ಟಣದಲ್ಲಿ. ಅಲ್ಲಿ ಚಿನ್ನದ ಪದಕವನ್ನು ಗಳಿಸಿದ ಕೆನಡಾ ದೇಶದ ಲಿಂಡಾ ಥಾಮ್ ಎಂಬಾಕೆಯು ಆಗ ನಾಲ್ವತ್ತು ವರುಷದವಳಾಗಿ, ಇಬ್ಬರು ಮಕ್ಕಳ ತಾಯಿಯಾಗಿದ್ದಳು. ನಮ್ಮವರೇ ಆದ ಮನು ಭಾಕರ್ ೨೦೨೪ರ ಪ್ಯಾರಿಸ್ ಕೂಟದಲ್ಲಿ ಎರಡು ಕಂಚಿನ ಪದಕಗಳನ್ನು ಪಡೆದುದನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕೂಟದಲ್ಲಿ ಏರ್ ಪಿಸ್ತೂಲಿನ ಮಿಶ್ರ ಪಂದ್ಯದ ಬೆಳ್ಳಿಯನ್ನು ತಂದರು. ಈ ವಿದ್ಯೆಯು ತೋಳ್ಬಲಕ್ಕಿಂತ ಹೆಚ್ಚಾಗಿ ಶಮೆದಮೆಗಳನ್ನು ಬೇಡುವದು. ಉಸಿರನ್ನೂ ಕಣ್ಣನ್ನೂ ಬೆರಳನ್ನೂ ಅಂಕೆಯಲ್ಲಿಡುವದು ಯಾವ ಹುಡುಗಿಗೂ ಕೇಡಲ್ಲ.

ಎರಡನೆಯ ಪ್ರಶ್ನೆಗೆ ಬರುವ ಮುನ್ನ ಸ್ಪರ್ಧೆಗಳ ಭೇದವನ್ನು ತಿಳಿಯತಕ್ಕದ್ದು. ಹತ್ತು ಮೀಟರಿನ ಸ್ಪರ್ಧೆಯಲ್ಲಿ ಒತ್ತಿದ ಗಾಳಿಯಿಂದ ೪.೫ ಮಿಲಿಮೀಟರಿನ ಸೀಸದ ಗುಂಡನ್ನು ಹಾರಿಸುವ ಏರ್ ಪಿಸ್ತೂಲು ಬೇಕು. ಇಪ್ಪತ್ತೈದು ಮೀಟರಿನ ಸ್ಪರ್ಧೆಯಲ್ಲಿ ೫.೬ ಮಿಲಿಮೀಟರಿನ, ಅಂದರೆ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾವನ್ನು ಹಾರಿಸುವ ಪಿಸ್ತೂಲು ಬೇಕು. ಈ ಎರಡನೆಯ ಸ್ಪರ್ಧೆಯಲ್ಲಿ ಅರುವತ್ತು ಗುಂಡುಗಳಿರುವವು. ಮೊದಲ ಮೂವತ್ತನ್ನು ಐದೈದರಂತೆ, ಪ್ರತಿ ಐದಕ್ಕೂ ಐದು ನಿಮಿಷಗಳಲ್ಲಿ, ನಿಧಾನವಾಗಿ ಹೊಡೆಯುವರು. ಉಳಿದ ಮೂವತ್ತರಲ್ಲಿ ಗುರಿಯು ಮೂರು ಸೆಕೆಂಡು ಮಾತ್ರ ತೋರಿ ಏಳು ಸೆಕೆಂಡು ಮರೆಯಾಗುವದು. ತೋರಿದ ಪ್ರತಿ ಸಲವೂ ಇಳಿಸಿದ ಕೈಯನ್ನೆತ್ತಿ ಒಂದೇ ಗುಂಡನ್ನು ಹಾರಿಸಬೇಕು. ಆದುದರಿಂದ ನಿಧಾನಕ್ಕೂ ವೇಗಕ್ಕೂ ಒಂದೇ ಆಯುಧವು ಒದಗತಕ್ಕದ್ದು.

ಅಂತರರಾಷ್ಟ್ರೀಯ ಒಕ್ಕೂಟವು ಈ ಪಿಸ್ತೂಲಿಗೆ ಅಳತೆಗಳನ್ನು ವಿಧಿಸಿರುವದು. ತೂಕವು ೧೪೦೦ ಗ್ರಾಮನ್ನು ಮೀರಕೂಡದು. ನಳಿಕೆಯು ೧೫೩ ಮಿಲಿಮೀಟರಿಗಿಂತ ಉದ್ದವಿರಬಾರದು. ಇಡೀ ಆಯುಧವು ೩೦೦, ೧೫೦, ೫೦ ಮಿಲಿಮೀಟರಿನ ಪೆಟ್ಟಿಗೆಯೊಳಗೆ ಹಿಡಿಯಬೇಕು. ದುರ್ಬೀನಿನಂಥ ಗಾಜಿನ ಸಾಧನಗಳಿಗೆ ಅವಕಾಶವಿಲ್ಲ. ಕೊಳ್ಳುವವರು ನಿಯಮಾವಳಿಯ ಈಚಿನ ಮುದ್ರಣವನ್ನು ನೋಡಿಕೊಳ್ಳದೆ ಹಣ ಕೊಡಬಾರದು. ಅಂಗಡಿಯಲ್ಲಿ ಅಂದವಾಗಿ ಕಾಣುವ ಎಲ್ಲಾ ಪಿಸ್ತೂಲುಗಳೂ ಸ್ಪರ್ಧೆಗೆ ಸಲ್ಲವು.

ಇನ್ನು ಆರಿಸುವ ಕ್ರಮ. ಹಲವರು ಮೊದಲು ಹೆಸರನ್ನು ಕೇಳುವರು. ಇಟಲಿಯ ಪಾರ್ದೀನಿ, ಜರ್ಮನಿಯ ವಾಲ್ಟರ್, ಸ್ವಿಟ್ಜರ್ಲೆಂಡಿನ ಮೊರೀನಿ, ಇವೆಲ್ಲಾ ಲೋಕಪ್ರಸಿದ್ಧವಾದವುಗಳೇ. ಆದರೆ ಹೆಸರಿಗಿಂತ ಮೊದಲು ನೋಡಬೇಕಾದದ್ದು ಹಿಡಿಯನ್ನು. ಮರದ ಹಿಡಿಗಳು ಚಿಕ್ಕದು, ನಡುತರ, ದೊಡ್ಡದು ಎಂದು ಬೇರೆ ಬೇರೆ ಅಳತೆಗಳಲ್ಲಿಯೂ, ಎಡಗೈಯವರಿಗೆ ಪ್ರತ್ಯೇಕವಾಗಿಯೂ ದೊರೆಯುವವು. ಹುಡುಗಿಯು ಪಿಸ್ತೂಲನ್ನು ಹಿಡಿದು ಕಣ್ಣು ಮುಚ್ಚಿ ತೋಳನ್ನೆತ್ತಿ, ಬಳಿಕ ಕಣ್ದೆರೆಯಲಿ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ನಿಂತಿದ್ದರೆ ಹಿಡಿಯು ಅವಳಿಗೆ ಒಪ್ಪಿತೆಂದು ತಿಳಿಯಬಹುದು. ಪ್ರತಿ ಸಲವೂ ಮಣಿಕಟ್ಟನ್ನು ತಿರುಗಿಸಿ ಸರಿಮಾಡಬೇಕಾದರೆ ಒಪ್ಪಲಿಲ್ಲ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆಯು ಟ್ರಿಗರಿನ ಮೇಲೆ ನೆಟ್ಟಗೆ ಕೂರಬೇಕು. ಬೆರಳಿನ ಉಳಿದ ಭಾಗವು ಮರಕ್ಕೆ ತಗಲಬಾರದು. ಹಿಡಿಯು ಸ್ವಲ್ಪ ದೊಡ್ಡದಾದರೆ ಅರದಿಂದ ಉಜ್ಜಿ ಕಿರಿದುಗೊಳಿಸಬಹುದು. ಚಿಕ್ಕದಾದರೆ ಮರದ ಲಪ್ಪವನ್ನು ಮೆತ್ತಬಹುದು. ಆದರೆ ಅದು ಮಣಿಕಟ್ಟಿಗೆ ಆಸರೆಯಾಗುವಂತೆ ಇರಕೂಡದೆಂಬ ನಿಯಮವನ್ನು ಮರೆಯಬಾರದು. ದೊಡ್ಡ ಕೈಗೆ ಮಾಡಿದ ಹಿಡಿಯಲ್ಲಿ ಅಭ್ಯಾಸ ಮಾಡುವ ಚಿಕ್ಕ ಹುಡುಗಿಯು ಗುಂಡು ತಪ್ಪಿದಾಗಲೆಲ್ಲಾ ತನ್ನನ್ನೇ ಹಳಿದುಕೊಂಡು ಧೈರ್ಯಗೆಡುವಳು. ದೋಷವು ಅವಳದಲ್ಲ, ಮರದ್ದು.

ಬಳಿಕ ಟ್ರಿಗರು. ಇಪ್ಪತ್ತೈದು ಮೀಟರಿನ ಪಿಸ್ತೂಲಿನಲ್ಲಿ ಅದರ ಎಳೆತವು ೧೦೦೦ ಗ್ರಾಮಿಗೂ, ಏರ್ ಪಿಸ್ತೂಲಿನಲ್ಲಿ ೫೦೦ ಗ್ರಾಮಿಗೂ ಕಡಿಮೆಯಾಗಿರಬಾರದು. ನಳಿಕೆಯನ್ನು ನೆಟ್ಟಗೆ ನಿಲ್ಲಿಸಿ, ಆ ತೂಕದ ಬಟ್ಟನ್ನು ಟ್ರಿಗರಿಗೆ ತೂಗುಹಾಕಿ ಮೇಲೆತ್ತಿ ಪರೀಕ್ಷಿಸುವರು. ಕುದುರೆಯು ಬೀಳದೆ ತೂಕವೆದ್ದರೆ ಸರಿ. ಒಳ್ಳೆಯ ಟ್ರಿಗರಿನಲ್ಲಿ ಮೊದಲೊಂದು ಹಗುರವಾದ ಎಳೆತವಿದ್ದು, ಆಮೇಲೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುವ ಒಂದು ತಡೆಯಿರುವದು. ಆ ತಡೆಯು ಮರಳು ಸಿಕ್ಕಿದಂತೆ ಕರಕರನೆನ್ನದೆ ಗಾಜು ಮುರಿದಂತೆ ತಟ್ಟನೆ ಬಿಡಬೇಕು.

ಮೂರನೆಯದು ಸೈಟುಗಳು. ಅವೆರಡರ ನಡುವಣ ಅಂತರವು ೨೨೦ ಮಿಲಿಮೀಟರಿನವರೆಗೆ ಇರಬಹುದು. ಇಲ್ಲಿ ಸ್ವಲ್ಪ ಗಣಿತವನ್ನು ನೋಡೋಣ. ಕೈಯು ಬಾಗದೆ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರು ಸರಿಯುವದು. ಮುಂದಿನ ಸೈಟು ಹಿಂದಿನದರ ನೇರದಿಂದ ಒಂದು ಮಿಲಿಮೀಟರು ತಪ್ಪಿದರಾದರೋ ಇಪ್ಪತ್ತೈದು ಮೀಟರಿನಲ್ಲಿ ಗುಂಡು ಹನ್ನೊಂದು ಸೆಂಟಿಮೀಟರಿಗೂ ಮಿಕ್ಕು ತಪ್ಪುವದು. ನಿಧಾನದ ಗುರಿಯಲ್ಲಿ ಹತ್ತು ಅಂಕದ ವರ್ತುಲದ ಅಡ್ಡಳತೆಯು ಐದೇ ಸೆಂಟಿಮೀಟರು! ಆದುದರಿಂದಲೇ ಗುರಿಯು ಮಸುಕಾಗಿ ಕಂಡರೂ ಚಿಂತೆಯಿಲ್ಲ, ದೃಷ್ಟಿಯನ್ನು ಮುಂದಿನ ಸೈಟಿನ ಮೇಲೆಯೇ ನಿಲ್ಲಿಸಬೇಕೆಂದು ಗುರುಗಳು ಹೇಳುವರು. ಸೈಟಿನ ಎರಡು ಪಕ್ಕಗಳಲ್ಲಿಯೂ ಸಮನಾದ ಬೆಳಕಿನ ಗೆರೆಯು ಅವಳ ಕಣ್ಣಿಗೆ ಕಾಣಬೇಕು. ಅಗಲವನ್ನು ಬದಲಿಸಿಕೊಳ್ಳಲು ಅನುಕೂಲವಿರುವ ಸೈಟುಗಳು ಉತ್ತಮವಾದವು.

ತೂಕದ ವಿಷಯದಲ್ಲಿ ಹಗುರವಾದದ್ದೇ ಒಳ್ಳೆಯದೆಂದು ಎಣಿಸಬಾರದು. ಸ್ವಲ್ಪ ಭಾರವು ಕೈಯ ನಡುಕವನ್ನು ತಗ್ಗಿಸುವದು. ಮಿತಿಮೀರಿದರೆ ಕೊನೆಯ ಗುಂಡುಗಳ ವೇಳೆಗೆ ಹೆಗಲು ಸೋಲುವದು. ನಳಿಕೆಯು ಕೈಗೆ ಸಮೀಪವಾಗಿ ತಗ್ಗಿನಲ್ಲಿದ್ದಷ್ಟೂ ಹಾರಿಸಿದಾಗ ಮೂತಿಯು ಕಡಿಮೆ ನೆಗೆಯುವದು. ಒಂದೇ ಗುಂಡಿನಿಂದ ತೀರ್ಮಾನಿಸದೆ, ಬಳಲಿದ ಕೈಯಿಂದಲೂ ಹಾರಿಸಿ ನೋಡತಕ್ಕದ್ದು. ತೋಟಾಗಳಲ್ಲಿಯೂ ತಾರತಮ್ಯವುಂಟು. ಒಂದು ಪಿಸ್ತೂಲಿಗೆ ಒಗ್ಗುವ ತೋಟಾವು ಮತ್ತೊಂದಕ್ಕೆ ಒಗ್ಗದಿರಬಹುದು. ಎರಡು ಮೂರು ಬಗೆಗಳನ್ನು ಆಧಾರದ ಮೇಲಿಟ್ಟು ಹಾರಿಸಿ, ಗುಂಡುಗಳು ಒತ್ತಾಗಿ ಬೀಳುವ ಬಗೆಯನ್ನೇ ಆರಿಸಬೇಕು.

ದುರಸ್ತಿಯನ್ನೂ ಯೋಚಿಸಬೇಕು. ೨೦೨೧ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು, ಅಮೂಲ್ಯವಾದ ನಿಮಿಷಗಳು ಕಳೆದುಹೋದವು; ಅವರು ಅಂತಿಮ ಸುತ್ತನ್ನು ಸೇರಲಿಲ್ಲ. ಮೂರು ವರುಷಗಳ ತರುವಾಯ ಅವರೇ ಪದಕಗಳೊಡನೆ ಮರಳಿದರು. ಬಿಡಿಭಾಗಗಳು ದೊರೆಯುವ, ತಿಳಿದವರು ರಿಪೇರಿ ಮಾಡಬಲ್ಲ ಆಯುಧವನ್ನೇ ಕೊಳ್ಳುವದು ಜಾಣತನ. ಒಮ್ಮೆ ಬಳಸಿದ್ದನ್ನು ಕೊಳ್ಳುವದರಲ್ಲಿ ನಾಚಿಕೆಯಿಲ್ಲ. ಆದರೆ ಏರ್ ಪಿಸ್ತೂಲಾದರೆ ಗಾಳಿಯ ಕೊಳವೆಯ ಮೇಲೆ ಮುದ್ರಿಸಿರುವ ವರುಷವನ್ನು ನೋಡಬೇಕು; ಹತ್ತು ವರುಷ ಮೀರಿದ ಕೊಳವೆಯು ಸ್ಪರ್ಧೆಗೆ ಸಲ್ಲದು.

ಕಾನೂನಿನ ಮಾತು. ೧೯೫೯ರ ಶಸ್ತ್ರ ಕಾಯಿದೆಯಂತೆ ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಲೈಸೆನ್ಸು ಅವಶ್ಯ. ಇಪ್ಪತ್ತೊಂದು ವರುಷ ತುಂಬದವರು ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ನಿಯಮಗಳಿಗೆ ಒಳಪಟ್ಟು ತರಬೇತಿಯಲ್ಲಿ ಬಳಸಬಹುದು. ೪.೫ ಮಿಲಿಮೀಟರನ್ನೂ ೨೦ ಜೂಲ್ ಶಕ್ತಿಯನ್ನೂ ಮೀರದ ಏರ್ ಪಿಸ್ತೂಲಿಗೆ ೨೦೧೬ರ ನಿಯಮಗಳು ಲೈಸೆನ್ಸನ್ನು ಕೇಳವು. ಆದಕಾರಣ ಶಾಲೆಯ ವಯಸ್ಸಿನ ಮಗಳಿಗೆ ಏರ್ ಪಿಸ್ತೂಲಿನಿಂದ ಆರಂಭಿಸುವದೇ ಕ್ರಮವು. ಅದರ ಗುಂಡು ಅಗ್ಗ, ಸದ್ದು ಕಡಿಮೆ, ಶಿಸ್ತು ಮಾತ್ರ ಒಂದೇ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಆಯುಧವು ಕೈಗೆ ಬಂದೊಡನೆ ಅದು ತುಂಬಿದೆಯೆಂದೇ ಭಾವಿಸಿ, ಗುರಿಯ ಕಡೆಗಲ್ಲದೆ ಮತ್ತೆಲ್ಲಿಗೂ ಮೂತಿಯನ್ನು ತಿರುಗಿಸಬಾರದು. ಹಾರಿಸದಿರುವಾಗ ನಳಿಕೆಯೊಳಗೆ ಎದ್ದುಕಾಣುವ ಬಣ್ಣದ ಎಳೆಯನ್ನು ತೂರಿಸಿಡಬೇಕು. ಮನೆಯಲ್ಲಿ ಪಿಸ್ತೂಲೊಂದು ಬೀಗದಲ್ಲಿ, ತೋಟಾಗಳು ಬೇರೊಂದು ಬೀಗದಲ್ಲಿ ಇರಲಿ. ಬೀಗದ ಕೈಗಳು ಹಿರಿಯರ ವಶದಲ್ಲಿರಲಿ. ಮನೆಯಲ್ಲಿ ಕಲಹವೋ ಮದ್ಯಪಾನವೋ ಯಾರಿಗಾದರೂ ಮನೋವ್ಯಥೆಯೋ ಇದ್ದಲ್ಲಿ ಆಯುಧವು ಆ ಹೊಸ್ತಿಲನ್ನು ದಾಟಲೇಬಾರದು. ಯಾವ ಪದಕವೂ ಒಂದು ಪ್ರಾಣಕ್ಕೆ ಸಾಟಿಯಲ್ಲ.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳ ಉತ್ಸಾಹವನ್ನು ಕಂಡಕೂಡಲೇ ಒಡವೆಯನ್ನು ಅಡವಿಡಬೇಡಿರಿ, ಖರ್ಚನ್ನು ನೆನೆದು ಅವಳ ಆಸೆಯನ್ನು ಚಿವುಟಲೂ ಬೇಡಿರಿ. ಮೊದಲೊಂದು ವರುಷ ಯೋಗ್ಯವಾದ ಕ್ಲಬ್ಬಿನಲ್ಲಿ, ಕ್ಲಬ್ಬಿನ ಪಿಸ್ತೂಲಿನಿಂದಲೇ, ಬಲ್ಲ ಗುರುಗಳ ಕೈಕೆಳಗೆ ಕಲಿಯಲಿ. ಅಷ್ಟರಲ್ಲಿ ಅವಳ ಕೈಯ ಅಳತೆಯೂ ಮನಸ್ಸಿನ ಸ್ಥಿರತೆಯೂ ನಿಮಗೆ ಚೆನ್ನಾಗಿ ತಿಳಿದುಬರುವವು. ಆಮೇಲೆ ಕೊಂಡ ಪಿಸ್ತೂಲು ವ್ಯರ್ಥವಾಗದು.