ಮುದಗಲ್ಲಿನ ತೋಪಿನ ಬುರುಜುಗಳು

ಹೋದ ವರ್ಷ ಮಗನ ಮನೆಗೆಂದು ಮುಂಬಯಿಗೆ ಹೋಗಿದ್ದಾಗ, ಮಲಬಾರ್ ಬೆಟ್ಟದ ರಾಜಭವನದ ನೆಲದಡಿಯಲ್ಲಿರುವ ಒಂದು ವಸ್ತುಸಂಗ್ರಹಾಲಯವನ್ನು ನೋಡುವ ಯೋಗವು ನನಗೆ ಒದಗಿತು. ಆಂಗ್ಲರ ಆಳಿಕೆಯಲ್ಲಿ ಕಡಲತೀರದ ರಕ್ಷಣೆಗಾಗಿ ಕಟ್ಟಿಸಿದ ನೆಲಮಾಳಿಗೆಯದು. ಬಹುಕಾಲ ಮುಚ್ಚಿ ಮರೆತುಹೋಗಿದ್ದ ಅದು 2016ನೆಯ ಇಸವಿಯಲ್ಲಿ ಪುನಃ ಕಣ್ಣಿಗೆ ಬಿದ್ದು, ದುರಸ್ತಿಗೊಂಡು, 2019ರಲ್ಲಿ ಆಗಿನ ರಾಷ್ಟ್ರಪತಿಗಳಾದ ರಾಮನಾಥ ಕೋವಿಂದರಿಂದ ಸಂಗ್ರಹಾಲಯವಾಗಿ ಆರಂಭಿಸಲ್ಪಟ್ಟಿತು. ಒಳಗೆ 13 ಕೋಣೆಗಳಿವೆ. ಇದು ಗುಂಡುಗಳ ಉಗ್ರಾಣ, ಇದು ತೋಟೆಗಳ ಉಗ್ರಾಣ, ಇದು ದುರಸ್ತಿಯ ಕೋಣೆ ಎಂದು ಒಂದೊಂದಕ್ಕೂ ಅದರದರ ಹೆಸರುಂಟು. ಗಾಳಿಯು ಒಳಬರುವುದಕ್ಕೂ ನೀರು ಹೊರಹೋಗುವುದಕ್ಕೂ ಮಾಡಿದ ಏರ್ಪಾಡುಗಳು ಇಂದಿಗೂ ಕಾಣುವುವು.

ಹೊರಗೆ ಬಂದ ಮೇಲೆ ಮೊಮ್ಮಗನು, "ಅಜ್ಜಾ, ನಿಮ್ಮ ಕಡೆ ಇಂಥಾದ್ದು ಐತೇನು?" ಎಂದು ಕೇಳಿದನು. ಇಲ್ಲವೆಂದೇ ಬಾಯಿಗೆ ಬಂದಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗೆ ಕಡಲೆಲ್ಲಿಯದು? ಸಿಂಧನೂರಿನಲ್ಲಿ ನಿಂತು ನೋಡಿದರೆ ಕಾಣುವ ನೀರೆಲ್ಲವೂ ತುಂಗಭದ್ರೆಯ ಎಡದಂಡೆಯ ಕಾಲುವೆಯದು. ಆದರೂ ಹುಡುಗನ ಪ್ರಶ್ನೆಯು ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ. ನಾನು ಹುಟ್ಟಿದ ಮನೆಯಿಂದ ಕೂಗಳತೆಯ ದೂರದಲ್ಲಿ ತೋಪುಗಳಿಗಾಗಿಯೇ ಕಟ್ಟಿದ ಬುರುಜುಗಳ ಸಾಲು ಎರಡು ಸುತ್ತಾಗಿ ನಿಂತಿರುವುದಲ್ಲವೆ? ಮುಂಬಯಿಯ ನೆಲಮಾಳಿಗೆಯು ಅದರ ಮುಂದೆ ನಿನ್ನೆಯ ಕೂಸು. ನಮ್ಮಲ್ಲಿರುವುದಕ್ಕೆ ಹೆಸರು ಬರೆದ ಹಲಗೆಯಿಲ್ಲ, ಅಷ್ಟೆ.

ಲಿಂಗಸುಗೂರಿಗೆ ನೈರುತ್ಯದಲ್ಲಿ ಸುಮಾರು 10 ಮೈಲಿನ ಮೇಲೆ ಮುದಗಲ್ ಇರುವುದು. ಈ ಹೆಸರು ಮುದ್ಗಲ ಋಷಿಯಿಂದ ಬಂದಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಋಷಿಯಿಲ್ಲದ ಊರು ನಮ್ಮ ದೇಶದಲ್ಲಿ ದುರ್ಲಭವಾದುದರಿಂದ ನಾನು ಅದನ್ನು ವಾದಕ್ಕೆ ಎತ್ತಿಕೊಳ್ಳುವುದಿಲ್ಲ. ಊರ ನಡುವಿನ ಗುಡ್ಡದ ಮೇಲೆ ಅರಸು ಮನೆಗಳಿದ್ದ ಒಳಕೋಟೆ. ಅದನ್ನು ಬಳಸಿ ಸುಮಾರು ಅರ್ಧ ಚದರ ಮೈಲು ನೆಲವನ್ನು ಆವರಿಸಿದ ಹೊರಕೋಟೆ. ಅದರ ಹೊರಗೆ ನೀರು ತುಂಬಿದ ಕಂದಕ. ಈ ಕಂದಕವು ಕೆಲವೆಡೆಗಳಲ್ಲಿ 50 ಗಜಗಳಷ್ಟು ಅಗಲವಾಗಿದೆ. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕಿತ್ತ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಔದಕ, ಪಾರ್ವತ, ಧಾನ್ವನ, ವನದುರ್ಗಗಳೆಂದು ಕೋಟೆಗಳನ್ನು ವಿಂಗಡಿಸಿರುವುದು. ನಮ್ಮ ತಾಲೂಕಿನಲ್ಲಿಯೇ ಕೃಷ್ಣೆಯ ನಡುಗಡ್ಡೆಯ ಜಲದುರ್ಗವು ಔದಕಕ್ಕೆ ಒಳ್ಳೆಯ ಉದಾಹರಣೆ. ಆದರೆ ಮುದಗಲ್ಲನ್ನು ಯಾವ ಪಂಗಡಕ್ಕೆ ಸೇರಿಸಬೇಕೆಂದು ಕೌಟಿಲ್ಯನನ್ನು ಕೇಳಿ ಪ್ರಯೋಜನವಿಲ್ಲ. ಅದನ್ನು ಈಗಿನ ರೂಪಕ್ಕೆ ತಂದುದು ಅವನು ಕಂಡರಿಯದ ಮದ್ದು.

ಇಲ್ಲಿ ಒಂದು ಮಾತು. ಪುರಾಣಪ್ರಿಯರಾದ ನನ್ನ ಕೆಲವರು ಮಿತ್ರರು ಲಂಕೆಯ ಕೋಟೆಯ ಮೇಲಿದ್ದ ಶತಘ್ನಿಯೇ ತೋಪೆಂದು ವಾದಿಸುವರು. ನಲವತ್ತು ವರ್ಷ ಸಂಸ್ಕೃತದ ಅನ್ನವನ್ನು ಉಂಡವನಾಗಿ ನಾನು ಇದನ್ನು ಒಪ್ಪಲಾರೆ. ಶತಘ್ನಿಯೆಂದರೆ ಕಬ್ಬಿಣದ ಮುಳ್ಳುಗಳನ್ನು ಜಡಿದ ಮಹಾಶಿಲೆಯೆಂದು ಹಳೆಯ ಕೋಶವೇ ಹೇಳುವಾಗ, ನಾವು ಅದರಲ್ಲಿ ಮದ್ದನ್ನು ಏಕೆ ತುಂಬಬೇಕು?

ಹಾಗಾದರೆ ತೋಪು ನಮ್ಮ ಸೀಮೆಗೆ ಬಂದುದು ಎಂದು? 1366ರ ಸುಮಾರಿನ ಯುದ್ಧದಲ್ಲಿಯೇ ತೋಪುಗಳಿದ್ದುವೆಂದು ಫೆರಿಶ್ತಾ ಎಂಬ ಇತಿಹಾಸಕಾರನು ಬರೆದಿರುವನು. ಅವನು ಬರೆದುದು ಎರಡು ಶತಮಾನಗಳಿಗೂ ಮಿಕ್ಕಿದ ಮೇಲೆ. ಆದುದರಿಂದ ಈಗಿನ ವಿದ್ವಾಂಸರಲ್ಲಿ ಹಲವರು ಆ ಮಾತನ್ನು ಸಂದೇಹಿಸುತ್ತಾರೆ. ಸಂದೇಹವಿಲ್ಲದ ದೊಡ್ಡ ಪ್ರಸಂಗವೆಂದರೆ 1520ರ ರಾಯಚೂರಿನ ಯುದ್ಧ. ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನು ಅಪಾರವಾದ ತೋಪುಗಳೊಡನೆ ಕೃಷ್ಣೆಯನ್ನು ದಾಟಿ ಬಂದನು. ಮುಂದೆ ಹದಿನೈದಾರು ವರ್ಷಗಳಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸರ ಕುದುರೆವ್ಯಾಪಾರಿ ನೂನಿಜನ ಬರಹದಂತೆ, ಬಿಜಾಪುರದವರು ತಮ್ಮ ತೋಪುಗಳನ್ನೆಲ್ಲ ಒಂದೇ ಸಲಕ್ಕೆ ಹಾರಿಸಿದರು. ರಾಯನ ಮುಂಚೂಣಿಯು ಚದರಿತು. ಆದರೆ ಅಂದಿನ ತೋಪಿಗೆ ಮತ್ತೆ ಮದ್ದು ತುಂಬುವುದೆಂದರೆ ಎಷ್ಟು ಹೊತ್ತಿನ ಕೆಲಸ! ಅಷ್ಟರಲ್ಲಿ ರಾಯನ ಸೈನ್ಯವು ತಿರುಗಿಬಿದ್ದು ಶತ್ರುವನ್ನು ಹೊಳೆಯವರೆಗೂ ಅಟ್ಟಿತು. ತೋಪುಗಳಿದ್ದವನು ಸೋತನು, ಇಲ್ಲದವನು ಗೆದ್ದನು.

ಕೋಟೆಯು ಬಿದ್ದ ಬಗೆಯೂ ವಿಚಿತ್ರವಾಗಿದೆ. ಮುತ್ತಿದವರು ಗುದ್ದಲಿ ಹಾರೆಗಳಿಂದ ಗೋಡೆಯನ್ನು ಕೀಳುತ್ತಿದ್ದರಂತೆ. ಕಿತ್ತ ಕಲ್ಲಿಗೆ ಇಷ್ಟಿಷ್ಟೆಂದು ರಾಯನು ಹಣ ಕೊಡುತ್ತಿದ್ದನಂತೆ. ಕೊನೆಗೆ ಕ್ರಿಸ್ತೋವಾಂವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಗೋಡೆಯ ಮೇಲೆ ತಲೆಯೆತ್ತಿದವರನ್ನೆಲ್ಲ ಹೊಡೆಯತೊಡಗಿದ ಮೇಲೆ ಕೋಟೆಯು ಶರಣಾಯಿತು.

ಗೆದ್ದವನು ಗೆಲವಿನಿಂದ ಕಲಿಯುವುದು ಕಡಮೆ; ಸೋತ ಬಿಜಾಪುರದವರು ಕಲಿತರು. ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ತೋಪಿಗಿಂತ, ಎತ್ತರದ ಬುರುಜಿನ ಮೇಲೆ ನಿಂತು ಬೇಕಾದ ದಿಕ್ಕಿಗೆ ತಿರುಗುವ ತೋಪು ಮೇಲೆಂಬುದನ್ನು ಕಂಡುಕೊಂಡು, ಮುಂದಿನ ದಶಕಗಳಲ್ಲಿ ಈ ದೋಆಬಿನ ಕೋಟೆಗಳನ್ನು ತಿದ್ದಿಕಟ್ಟಿದರು. ಮುದಗಲ್ಲಿನಲ್ಲಿ ಇದನ್ನು ಪುಸ್ತಕದಂತೆ ಓದಬಹುದು. ಕಂದಕದ ಹಿಂದೆ ಒಂದು ಸಾಲು ಬುರುಜುಗಳು. ಅದರ ಹಿಂದೆ ಇಕ್ಕಟ್ಟಾದ ಮರೆಯ ಹಾದಿ. ಅದರ ಹಿಂದೆ ಇನ್ನೂ ಭಾರಿಯಾದ ಎರಡನೆಯ ಸಾಲು. ಮುಂದಿನ ಸಾಲನ್ನು ಹಿಡಿದವನು ಹಿಂದಿನ ಸಾಲಿನ ಬಾಯಿಗೆ ಸಿಕ್ಕಬೇಕು. ಬುರುಜುಗಳು ದುಂಡಗಿರುವುದೂ ಕಾರಣವಿಲ್ಲದೆ ಅಲ್ಲ; ಚೌಕದ ಮೂಲೆಯು ಗುಂಡಿಗೆ ಒಡೆದುಹೋಗುವುದು, ದುಂಡುಮೈಯ ಮೇಲೆ ಗುಂಡು ಜಾರುವುದು. ಬಾಗಿಲುಗಳಲ್ಲಿಯೂ ಹೀಗೆಯೇ. ಉತ್ತರದ ಫತೇ ದರವಾಜೆಯ ಎದುರಿಗೇ ಒಂದು ದೈತ್ಯಾಕಾರದ ಬುರುಜನ್ನು ಅಡ್ಡವಾಗಿ ನಿಲ್ಲಿಸಿರುವುದರಿಂದ ನೇರವಾಗಿ ನುಗ್ಗಿಬರುವ ಹಾದಿಯೇ ಇಲ್ಲ. ಒಳಹೊಕ್ಕರೆ ಎರಡು ಮಗ್ಗುಲಲ್ಲಿಯೂ ಕಾವಲಿನವರ ಕೋಣೆಗಳು. ಕಲ್ಲಿನ ವರಸೆಗಳೂ ಕಂಬತೊಲೆಗಳೂ ಅನೇಕ ಕಡೆ ಹಳೆಯ ಹಿಂದೂ ಪದ್ಧತಿಯವು. ಮೇಲಿನ ಕಮಾನಿನಾಕಾರದ ತೆನೆಗಳು ಮುಸಲ್ಮಾನ ಪದ್ಧತಿಯವು. ಕಟ್ಟಿದ ಉಪ್ಪಾರನಿಗೆ ಎರಡೂ ಬರುತ್ತಿತ್ತೆಂದೇ ನನ್ನ ಊಹೆ.

ಪಶ್ಚಿಮದ ಬಾಗಿಲಿನ ಬುರುಜಿನ ಬಳಿ ಬಿದ್ದಿರುವ ತೋಪುಗಳನ್ನು ನೋಡದೆ ಮಾತ್ರ ಹಿಂದಿರುಗಬಾರದು. ಇವು ಎರಕಹೊಯ್ದವುಗಳಲ್ಲ. ಉದ್ದುದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಗಿ ಜೋಡಿಸಿ, ಮೇಲಿನಿಂದ ಬಳೆಗಳನ್ನು ಒಂದಕ್ಕೊಂದು ತಾಗುವಂತೆ ತೊಡಿಸಿರುವರು. ಚಕ್ಕಡಿಯ ಗಾಲಿಗೆ ಕಮ್ಮಾರನು ಪಟ್ಟಿ ಏರಿಸುವುದನ್ನು ನೋಡಿದ ಹಿರಿಯರಿಗೆ ಈ ಕ್ರಮವನ್ನು ವಿವರಿಸಬೇಕಾದುದಿಲ್ಲ. ಕೆಂಪಗೆ ಕಾಯ್ದ ಬಳೆಯು ಹಿಗ್ಗಿರುವಾಗ ತೊಡಿಸಿ, ನೀರು ಹೊಯ್ದರೆ ಅದು ಕುಗ್ಗಿ ಒಳಗಿನದನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು. ಗಾಲಿಗೆ ಗೊತ್ತಿದ್ದ ವಿದ್ಯೆಯೇ ತೋಪಿಗೂ ಬಂದಿತು. ಆದರೆ ಎಲ್ಲಿಯಾದರೂ ಒಂದು ಸಂದು ಸಡಿಲಾದರೆ ತೋಪು ಹಾರಿಸಿದವನನ್ನೇ ನುಂಗುತ್ತಿತ್ತು. ಸ್ಕಾಟ್ಲೆಂಡಿನ ಎರಡನೆಯ ಜೇಮ್ಸ್ ದೊರೆಯು 1460ರಲ್ಲಿ ಸತ್ತುದು ಶತ್ರುವಿನ ಗುಂಡಿನಿಂದಲ್ಲ, ಪಕ್ಕದಲ್ಲಿ ಸಿಡಿದ ತನ್ನ ತೋಪಿನಿಂದಲೇ. ಮುದಗಲ್ಲಿನ ಬುರುಜಿನ ಮೇಲೆ ಬತ್ತಿಯನ್ನು ಹಿಡಿದು ನಿಂತವನ ಎದೆಯೂ ಪ್ರತಿಸಲ ಡವಗುಟ್ಟಿರಬೇಕು. ಅವನ ಹೆಸರು ಯಾವ ಶಿಲಾಲೇಖದಲ್ಲಿಯೂ ಇರಲಾರದು.

ಈ ಕೋಟೆಯ ವಿಷಯದಲ್ಲಿ ಜನರ ಬಾಯಲ್ಲಿರುವುದು ಅಕ್ಕಸಾಲಿಗನ ಮಗಳ ಕಥೆ. ಅವಳ ಚೆಲುವಿಗಾಗಿ 1406ರಲ್ಲಿ ಯುದ್ಧವಾಯಿತೆಂದು ಫೆರಿಶ್ತಾ ಹೇಳುವನು. ಅದು ಇರಲಿ. ಅವನೇ ಹೇಳುವ ಇನ್ನೊಂದು ಸಂಗತಿಯನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದೆನು. 1366ರಲ್ಲಿ ವಿಜಯನಗರದ ಬುಕ್ಕರಾಯನು ಮುದಗಲ್ಲನ್ನು ಹಿಡಿದಾಗ ಒಳಗಿದ್ದ ಗಂಡಸರು, ಹೆಂಗಸರು, ಮಕ್ಕಳೆಲ್ಲ ಕತ್ತಿಗೆ ಆಹುತಿಯಾದರಂತೆ. ತಪ್ಪಿಸಿಕೊಂಡವನು ಒಬ್ಬನೇ. ಅವನು ಕಲಬುರ್ಗಿಗೆ ಓಡಿಹೋಗಿ ಸುದ್ದಿಯನ್ನು ಮುಟ್ಟಿಸಿದನು. ಇಷ್ಟು ಜನ ಸಾಯುವುದನ್ನು ಕಂಡೂ ಬದುಕಿಬಂದವನ ಮುಖವನ್ನು ನೋಡಲಾರೆನೆಂದು ಬಹಮನಿಯ ಮಹಮ್ಮದಶಾಹನು ಅವನನ್ನೂ ಕೊಲ್ಲಿಸಿದನು. ಆ ಮೇಲೆ ಒಂದು ಲಕ್ಷ ಜನರನ್ನು ಕೊಲ್ಲುವೆನೆಂದು ಪ್ರತಿಜ್ಞೆಮಾಡಿ ಹೊರಟು, ಊರೂರುಗಳನ್ನು ಹಾಳುಮಾಡಿದನು. ಕೊನೆಗೆ ವಿಜಯನಗರದ ರಾಯಭಾರಿಗಳು ಬೇಡಿಕೊಳ್ಳಲು, ಗೆದ್ದ ಮೇಲೆ ಸೆರೆಸಿಕ್ಕವರನ್ನೂ ನಿರಪರಾಧಿಗಳಾದ ಪ್ರಜೆಗಳನ್ನೂ ಕೊಲ್ಲಕೂಡದೆಂದು ಎರಡು ರಾಜ್ಯಗಳ ನಡುವೆ ಒಡಂಬಡಿಕೆಯಾಯಿತೆಂದು ಅವನು ಬರೆಯುವನು. ಈ ಲೆಕ್ಕಗಳಲ್ಲಿ ಉತ್ಪ್ರೇಕ್ಷೆಯೆಷ್ಟೋ ಇರಬಹುದು. ಪ್ರತಿವರ್ಷವೂ ಹುಡುಗರು ಕೇಳುತ್ತಿದ್ದ ಪ್ರಶ್ನೆಯು ಒಂದೇ: "ಸರ್, ಆ ಓಡಿಹೋದವನ ಹೆಸರೇನು?"

ಇಂಥ ಸ್ಥಳವನ್ನು ನಾವು ಹೇಗೆ ಇಟ್ಟುಕೊಂಡಿರುವೆವು? ಮೊಹರಮ್ಮಿನಲ್ಲಿ ಎರಡು ಮತದವರೂ ಸಾವಿರಗಟ್ಟಲೆ ಸೇರುವ ಊರಿದು. ಬಂದವರು ಆಲಾಯಿಯ ಸುತ್ತ ಕುಣಿದು, ಕಂದಕದ ದಂಡೆಯಲ್ಲಿ ಬುತ್ತಿಯನ್ನು ಬಿಚ್ಚಿ ಉಂಡು, ತಲೆಯೆತ್ತಿ ಬುರುಜನ್ನು ನೋಡದೆ ಹೋಗುವರು. ಗೋಡೆಯ ಸಂದಿನಲ್ಲಿ ಬೇವು, ಅರಳಿ ಬೇರುಬಿಟ್ಟಿವೆ. ಅರಳಿಯನ್ನು ಕಡಿಯಲು ನಮ್ಮವರು ಅಂಜುವರು. ಅದು ಮಾತ್ರ ಯಾರಿಗೂ ಅಂಜದೆ ಕಲ್ಲನ್ನು ಸೀಳುವುದು.

ಕಬ್ಬಿಣಕ್ಕೂ ಕಂಚಿಗೂ ಬೆಲೆ ಕಟ್ಟುವವರು ಹಿಂದೆಯೂ ಇದ್ದರು. ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ಬಲ್ಲದವರಾರು? 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿಯೆಂಬವನು ಎರಕಹೊಯ್ದ, 14 ಅಡಿಗೂ ಮಿಕ್ಕ ಉದ್ದದ ಆ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟಾಗ ಬಂದ ಮೇಲಿನ ಸವಾಲು 150 ರೂಪಾಯಿ! ಪುಣ್ಯವಶಾತ್ ಮೇಲಧಿಕಾರಿಯು ಹರಾಜನ್ನು ರದ್ದುಮಾಡಿದನು. ಅಲ್ಲಿ ಗೋಲಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಷ್ಟು ಹಿಂದೆಯೇ ಸಂಗ್ರಹಾಲಯವಾಯಿತು. ನಮ್ಮ ಮಸ್ಕಿಯಲ್ಲಿಯೂ ಹೀಗೆಯೇ. ಚಿನ್ನವನ್ನು ಹುಡುಕುತ್ತ ಬಂದ ಬೀಡನ್ ಎಂಬ ಗಣಿಯ ಇಂಜಿನಿಯರನಿಗೆ 1915ರಲ್ಲಿ ಬಂಡೆಯ ಮೇಲೆ ಅಶೋಕನ ಶಾಸನವು ಕಂಡಿತು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನಗಳಲ್ಲಿ ಮೊದಲು ದೊರೆತದ್ದು ಅದೇ. (ಕಳಿಂಗದ ಪಶ್ಚಾತ್ತಾಪವು ಅಲ್ಲಿ ಕೆತ್ತಿದೆಯೆಂದು ಹಲವರು ಹುಡುಗರಿಗೆ ಹೇಳುವುದುಂಟು. ಅದು ತಪ್ಪು, ಆ ಮಾತಿರುವುದು ಬೇರೆ ಶಾಸನದಲ್ಲಿ.) ಇಂದು ಆ ಬಂಡೆಗೆ ಸಳಿಗಳ ಕಾವಲುಂಟು. ಮುದಗಲ್ಲಿಗೆ ನಾನು ಬೇಡುವುದು ಅರಮನೆಯನ್ನಲ್ಲ. ತೋಪುಗಳ ಮೇಲೆ ಒಂದು ನೆರಳು, ಅಡಿಗೆ ಒಂದು ಕಟ್ಟೆ, ಇದು ಯಾವ ಬಾಗಿಲು, ಇದು ಯಾವ ಬುರುಜು, ಇದು ಕಾವಲಿನ ಕೋಣೆ ಎಂದು ಕನ್ನಡದಲ್ಲಿ ಬರೆದ ನಾಲ್ಕು ಹಲಗೆಗಳು. ಓಡಿಹೋದವನ ಕಥೆಗೂ ಒಂದು ಹಲಗೆ.

ಹೀಗೆ ಬರೆಯುತ್ತ ಕುಳಿತವನಿಗೆ ತನ್ನ ಮನೆಯ ಸಂಗತಿಯನ್ನು ಮುಚ್ಚಿಡುವ ಅಧಿಕಾರವಿಲ್ಲ. ನಮ್ಮ ಮುದಗಲ್ಲಿನ ಮನೆಯ ತಲೆಬಾಗಿಲಿನ ಹಿಂದೆ ಒಂದು ಕರಿಯ ಗುಂಡುಕಲ್ಲು ಇದೆ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅದನ್ನು ಒತ್ತಿಡುವುದು ನಮ್ಮ ಅಜ್ಜನ ಕಾಲದಿಂದ ಬಂದ ರೂಢಿ. ಮಹಾನವಮಿಯ ದಿನ ಕುಡುಗೋಲು, ಈಳಿಗೆಗಳ ಜೊತೆಗೆ ತಾಯಿಯು ಅದಕ್ಕೂ ವಿಭೂತಿ ಕುಂಕುಮಗಳನ್ನು ಏರಿಸುವಳು. ಹೊಳೆಯಲ್ಲಿ ಉರುಳಿ ದುಂಡಗಾದ ಕಲ್ಲೆಂದೇ ನಾನು ಅರವತ್ತು ವರ್ಷ ತಿಳಿದಿದ್ದೆನು. ಮುಂಬಯಿಯಿಂದ ಬಂದ ಮೇಲೆ ಒಂದು ಬೆಳಗ್ಗೆ ಅದನ್ನು ಬಿಸಿಲಿಗೆ ಉರುಳಿಸಿ ನೋಡಿದರೆ, ಮೈತುಂಬ ಉಳಿಯ ಗುರುತು! ಕೈಯಿಂದ ಕಡೆದ ತೋಪಿನ ಗುಂಡು. ಆಯುಧಪೂಜೆಯ ಸಾಲಿನಲ್ಲಿ ಅದು ಕುಳಿತುದು ಯೋಗ್ಯವೇ ಆಗಿತ್ತು. ನಮ್ಮ ಮನೆಯಲ್ಲಿ ಕುಳಿತುದು ಮಾತ್ರ ಯೋಗ್ಯವಲ್ಲ. ಕೋಟೆಯ ಕಲ್ಲನ್ನು ಮನೆಗೆ ಒಯ್ಯಬಾರದೆಂದು ಎಷ್ಟು ಹುಡುಗರಿಗೆ ನಾನು ಪಾಠ ಹೇಳಿದ್ದೆನು!

ಇದನ್ನು ಹಿಂದಕ್ಕೆ ಒಪ್ಪಿಸಿಬಿಡೋಣವೆಂದು ತಾಯಿಗೆ ಹೇಳಿದೆನು. ಅವಳಿಗೆ ಈಗ ಎಂಬತ್ತನಾಲ್ಕು. ಅಕ್ಕಿಯನ್ನು ಆರಿಸುತ್ತಿದ್ದವಳು ತಲೆಯೆತ್ತದೆಯೇ, "ಯಾರಿಗೆ ಒಪ್ಪಸ್ತಿ ತಮ್ಮಾ? ತೋಪುಗಳೇ ಅಲ್ಲಿ ಮಳ್ಯಾಗ ಬಿದ್ದಾವಂತ ನೀನೇ ಹೇಳ್ತಿ. ಇದಾದರೂ ನೆಳ್ಳಾಗ ಐತಿ," ಎಂದಳು.

ನನಗೆ ಉತ್ತರ ತೋಚಲಿಲ್ಲ. ಸದ್ಯಕ್ಕೆ ಗುಂಡು ಬಾಗಿಲಿನ ಹಿಂದೆಯೇ ಇದೆ. ಅದರ ಸುತ್ತಳತೆಯನ್ನೂ ತೂಕವನ್ನೂ ಒಂದು ಚೀಟಿಯಲ್ಲಿ ಬರೆದು, ಇದು ಕೋಟೆಯ ಸೊತ್ತೆಂದು ಕೆಳಗೆ ನನ್ನ ರುಜುವನ್ನು ಹಾಕಿ, ಮೇಲಿನ ಗೂಟಕ್ಕೆ ಕಟ್ಟಿರುವೆನು. ನಮ್ಮ ಓಣಿಯಲ್ಲಿ ವಿಚಾರಿಸಲು, ಇಂಥವು ಇನ್ನೂ ಮೂರು ಮನೆಗಳಲ್ಲಿ ಇವೆಯೆಂದು ತಿಳಿದುಬಂದಿದೆ.